ಕ್ರಿಸ್‌ಮಸ್, ಎಳ್ಳಮಾಸಿ ಮತ್ತು ಒಂದು ಡಬ್ಬಿ ಶೇಂಗಾ ಹಿಂಡಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಉಡುಗೊರೆಗಳ ಸುಗ್ಗಿ. ಆಫೀಸಿನಲ್ಲಿ ‘ಸೀಕ್ರೆಟ್ ಸಾಂಟಾ’ ಅಂತ ಚೀಟಿ ಎತ್ತಬೇಕು. ಅಪಾರ್ಟ್‌ಮೆಂಟಿನ ಮಕ್ಕಳ ಪಾರ್ಟಿಗೆ ಏನಾದರೂ ಹಿಡಿದುಕೊಂಡು ಹೋಗಬೇಕು. ಅದೇ ಹೊತ್ತಿಗೆ ಊರಲ್ಲಿ ಎಳ್ಳಮಾಸಿ, ಬರಿಗೈಯಲ್ಲಿ ಹೋಗೋಕಾಗುತ್ತಾ? ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜು ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಹಾಗಾಗಿ ಈ ಸಲ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಕೊಡುವುದೆಲ್ಲಾ ಒಂದೋ ಮನೆಯಲ್ಲಿ ಮಾಡಿದ್ದಾಗಿರಬೇಕು, ಇಲ್ಲವೇ ಯಾರೋ ಒಮ್ಮೆ ಬಳಸಿದ್ದಾಗಿರಬೇಕು. ಒಟ್ಟು ಖರ್ಚು ಎರಡು ಸಾವಿರ ದಾಟಬಾರದು. ಕೇಳಿದವರೆಲ್ಲ ‘ಜಿಪುಣಿ’ ಅಂತ ನಕ್ಕರು. ನಗಲಿ ಬಿಡಿ. ಇದು ಜಿಪುಣತನ ಅಲ್ಲ ಅಂತ ಯಾಕೆ ಅನ್ನಿಸುತ್ತದೆ ಅನ್ನುವುದನ್ನಷ್ಟು ಹೇಳಿಬಿಡುತ್ತೇನೆ.

ಎಳ್ಳಮಾಸಿ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಮಾರ್ಗಶಿರ ಮಾಸದ ಅಮಾವಾಸ್ಯೆ ಅದು. ನಮ್ಮ ಸಗರನಾಡಲ್ಲಿ, ಅಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ, ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಬೆಳೆಗೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ, ತರಾವರಿ ಹಿಂಡಿ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಇದು ಬಹಳ ಸಲ ಕ್ರಿಸ್‌ಮಸ್ಸಿನ ಆಸುಪಾಸಿನಲ್ಲೇ ಬರುತ್ತದೆ. 2022ರಲ್ಲಿ ಡಿಸೆಂಬರ್ 23ಕ್ಕೆ, 2024ರಲ್ಲಿ 30ಕ್ಕೆ, 2025ರಲ್ಲಿ 19ಕ್ಕೆ ಬಂದಿತ್ತು.

ಕ್ರಿಸ್‌ಮಸ್ ಕೂಡ ನಮ್ಮ ಕಡೆಗೆ ಮಾಲ್‌ಗಳ ಜತೆ ಬಂದದ್ದಲ್ಲ. 1840ರ ದಶಕದಲ್ಲೇ ಮೆಡೋಸ್ ಟೇಲರ್ ಸಾಹೇಬ ಸುರಪುರದಲ್ಲಿದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಗುಡ್ಡದ ಮೇಲೆ ಇವತ್ತಿಗೂ ನಿಂತಿದೆ. ಯಾದಗಿರಿ ಕಡೆ ಮೆಥೋಡಿಸ್ಟ್ ಸಭೆಯವರೂ ಹಳಬರೇ. ನಮ್ಮ ಓಣಿಯಲ್ಲಿದ್ದ ಟೀಚರಮ್ಮನವರ ಮನೆಯಿಂದ ಪ್ರತಿ ಕ್ರಿಸ್‌ಮಸ್ಸಿಗೆ ಒಂದು ತಾಟು ಬರುತ್ತಿತ್ತು. ಮೇಲೆ ಕ್ರೋಶಾ ಹಾಕಿದ ಬಿಳಿ ವಸ್ತ್ರ, ಒಳಗೆ ಕರ್ಜಿಕಾಯಿ, ಚಕ್ಕುಲಿ, ಒಂದೆರಡು ಬಾಳೆಹಣ್ಣು. ತಾಟು ತೊಳೆದು ವಾಪಸ್ ಕೊಡೋಕೆ ನಾವು ಓಡಿದರೆ ಅವ್ವ ತಡೆಯುತ್ತಿದ್ದಳು. “ತಾಟು ಬರಿದ ಕೊಡಬ್ಯಾಡ್ರೇ, ನಾಕ್ ಕಾಳ ಸಕ್ರಿನರ ಹಾಕಿ ಕೊಡ್ರಿ.” ಎಳ್ಳಮಾಸಿ ಹತ್ತಿರವಿದ್ದರೆ ಸಕ್ಕರೆ ಬದಲು ಶೇಂಗಾ ಹೋಳಿಗೆ ಹೋಗುತ್ತಿತ್ತು.

ನಾಲ್ಕು ಕಾಳು ಸಕ್ಕರೆ. ಕರ್ಜಿಕಾಯಿಗೆ ಅದು ಸಮ ಅಂತ ಯಾರೂ ಲೆಕ್ಕ ಹಾಕಲಿಲ್ಲ. ನಮ್ಮಲ್ಲಿ ದಸರೆಗೆ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನುತ್ತೇವಲ್ಲ, ಅದಕ್ಕಿಂತ ಅಗ್ಗದ ಉಡುಗೊರೆ ಜಗತ್ತಿನಲ್ಲಿ ಇದ್ದೀತೇ? ಊರ ಗೌಡನೂ ಅದೇ ಎಲೆ ಕೊಡುತ್ತಾನೆ, ಕೂಲಿಯವನೂ ಅದೇ ಎಲೆ ಕೊಡುತ್ತಾನೆ. ಅವನ ಎಲೆ ದೊಡ್ಡದು, ಇವನದು ಸಣ್ಣದು ಅನ್ನೋ ಮಾತೇ ಇಲ್ಲ.

ಹಾಗಂತ ನಮ್ಮ ಹಿಂದಿನವರೆಲ್ಲ ಸಂತರು ಅಂತ ನಾನು ಹೇಳುವುದಿಲ್ಲ. ಅದೇ ಊರಲ್ಲಿ ಮದುವೆಯ ಆಯೇರಿಯೂ ಇದೆ. ಯಾರು ಎಷ್ಟು ಹಾಕಿದರು, ಯಾವ ಸೀರೆ ಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅವರ ಮನೆ ಮದುವೆಗೆ ಅದಕ್ಕಿಂತ ಒಂದು ಕೈ ಮೇಲೆಯೇ ಹಾಕಬೇಕು. ಮೊದಮೊದಲು ಇದು ಒಳ್ಳೆಯದಕ್ಕೇ ಹುಟ್ಟಿರಬೇಕು. ಮದುವೆ ಖರ್ಚು ಒಬ್ಬನ ತಲೆ ಮೇಲೆ ಬೀಳದಂತೆ ಹತ್ತು ಜನ ಹಂಚಿಕೊಂಡ ಹಾಗೆ. ಆದರೆ ನೋಟ್‌ಬುಕ್ಕಿನ ಅಂಕಿ ಏರುತ್ತಾ ಹೋದಂತೆ ಅದು ಬಡ್ಡಿ ಇಲ್ಲದ ಸಾಲವಾಗಿ ಉಳಿಯಲಿಲ್ಲ. ಬಡ್ಡಿ ಸಮೇತ ತೀರಿಸೋ ಸಾಲವಾಯಿತು.

ನನಗೆ ಇದು ನಾಟಿದ್ದು ನಮ್ಮ ದೊಡ್ಡಮ್ಮನ ಮಗಳಿಂದ. ಅಕ್ಕನನ್ನು ಕೊಟ್ಟ ಮನೆಯದು ಕಾಲುವೆ ನೀರು ಮುಟ್ಟದ ಹೊಲ. ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟೆ 1982ರಲ್ಲೇ ಮುಗಿದು, ಎಡದಂಡೆ ಕಾಲುವೆಯಿಂದ ಶಹಾಪುರ, ಸುರಪುರದ ಎಷ್ಟೋ ಹೊಲ ಭತ್ತದ ಗದ್ದೆಗಳಾದವು. ಆದರೆ ಅವರದು ಎತ್ತರದ ನೆಲ. ತೊಗರಿ, ಹತ್ತಿ, ಮಳೆ ಬಂದರೆ ಬಂತು. ಮೂರು ವರ್ಷದ ಹಿಂದೆ ಕುಟುಂಬದಲ್ಲಿ ಒಂದು ಮಗುವಿನ ಮೊದಲನೇ ಹುಟ್ಟುಹಬ್ಬ ಯಾದಗಿರಿಯಲ್ಲಿ ದೊಡ್ಡ ಹಾಲ್‌ನಲ್ಲಿ ಆಯಿತು. ಬಂದ ಉಡುಗೊರೆಗಳನ್ನೆಲ್ಲ ಸ್ಟೇಜಿನ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆದರು. ಅಕ್ಕ ತಂದದ್ದು ತಾನೇ ಹೊಲಿದ ಸಣ್ಣ ಕೌದಿ. ಅದು ಸಾಲಿನಲ್ಲಿ ಇರಲಿಲ್ಲ, ಯಾರೋ ಅದನ್ನು ಚಪ್ಪಲಿ ಬಿಡುವ ಕಡೆ ಕುರ್ಚಿಯ ಮೇಲೆ ಇಟ್ಟಿದ್ದರಂತೆ. ಆಮೇಲೆ ಒಂದೂವರೆ ವರ್ಷ ಅಕ್ಕ ಯಾರ ಮನೆಯ ಕಾರ್ಯಕ್ಕೂ ಬರಲಿಲ್ಲ. ಫೋನ್ ಮಾಡಿದರೆ “ಹೊಲದಾಗ ಹತ್ತಿ ಬಿಡಿಸಾಕತ್ತೀವವ್ವ” ಅನ್ನುತ್ತಿದ್ದಳು. ಜೂನ್ ತಿಂಗಳಲ್ಲಿ ಯಾವ ಹತ್ತಿ ಬಿಡಿಸುತ್ತಾರೆ ಹೇಳಿ?

ದುಬಾರಿ ಉಡುಗೊರೆಯ ಬಗ್ಗೆ ನನ್ನ ತಕರಾರು ದುಡ್ಡಿನದಲ್ಲ. ಅದು ಜನರನ್ನು ಮನೆ ಬಾಗಿಲಿನಿಂದ ದೂರ ಮಾಡುತ್ತದೆ. ಕೊಡಲಾರದವರು ‘ನನ್ನ ಹತ್ತಿರ ದುಡ್ಡಿಲ್ಲ’ ಅಂತ ಹೇಳುವುದಿಲ್ಲ. ಸುಮ್ಮನೆ ಬರುವುದನ್ನು ಬಿಡುತ್ತಾರೆ.

ಇದನ್ನು ಹೊರದೇಶದವರೂ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದ್ದಾರೆ. ಜೋಯಲ್ ವಾಲ್ಡ್‌ಫೋಗಲ್ ಅಂತ ಒಬ್ಬ ಅಮೆರಿಕದ ಅರ್ಥಶಾಸ್ತ್ರಜ್ಞ 1993ರಲ್ಲಿ ಒಂದು ಲೇಖನ ಬರೆದ. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ‘ನಿಮಗೆ ಕ್ರಿಸ್‌ಮಸ್ಸಿಗೆ ಬಂದ ಉಡುಗೊರೆಗೆ ಕೊಟ್ಟವರು ಎಷ್ಟು ಖರ್ಚು ಮಾಡಿರಬಹುದು? ಅದೇ ವಸ್ತು ನಿಮ್ಮ ಪಾಲಿಗೆ ಎಷ್ಟು ಬೆಲೆಯದು?’ ಅಂತ ಕೇಳಿದ. ಎರಡಕ್ಕೂ ತಾಳೆ ಇರಲಿಲ್ಲ. ಅವನ ಅಂದಾಜಿನ ಪ್ರಕಾರ ಉಡುಗೊರೆಯ ಬೆಲೆಯಲ್ಲಿ ಶೇಕಡಾ 10ರಿಂದ ಮೂರನೇ ಒಂದು ಪಾಲಿನವರೆಗೆ ದಂಡ! ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ, ದೂರದ ನೆಂಟರು ಕೊಟ್ಟದ್ದರಲ್ಲಿ ಜಾಸ್ತಿ. ಇದನ್ನು ಕಂಡುಹಿಡಿಯೋಕೆ ಯೇಲ್ ಬೇಕಿತ್ತಾ, ನಮ್ಮ ಮನೆಯ ಅಟ್ಟ ನೋಡಿದ್ದರೆ ಸಾಕಿತ್ತು... ಒಂಬತ್ತು ಗೋಡೆ ಗಡಿಯಾರ, ನಾಲ್ಕು ಲೆಮನ್ ಸೆಟ್ಟು! ಆದರೆ ಅವನು ಆ ಪ್ರಶ್ನೆ ಕೇಳುವಾಗ ಪ್ರೀತಿಯ ಬೆಲೆಯನ್ನು ಬಿಟ್ಟು ಲೆಕ್ಕ ಹೇಳಿ ಅಂದಿದ್ದ ಅನ್ನುವುದನ್ನೂ ಹೇಳಬೇಕು. ನಾವು ಉಳಿಸಿಕೊಳ್ಳಬೇಕಾದದ್ದು ಆ ಲೆಕ್ಕಕ್ಕೆ ಸಿಗದ ಭಾಗವನ್ನೇ ತಾನೇ?

ಸರಿ, ಈಗ ನಮ್ಮ ಪಟ್ಟಿ.

ಮೊದಲನೆಯದು ಹಿಂಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೂರಿ, ಬಳ್ಳೊಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು ಹಾಕಿ ಕುಟ್ಟಬೇಕು. ಮಿಕ್ಸಿಗೆ ಹಾಕುವುದಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣ ಡಬ್ಬಿಯಲ್ಲಿ ಹಾಕಿಟ್ಟರೆ ತಿಂಗಳು ಕೆಡುವುದಿಲ್ಲ. ಮನೆಯಲ್ಲಿದ್ದ ಹಾರ್ಲಿಕ್ಸ್, ಜಾಮ್ ಬಾಟಲಿಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ ಇಟ್ಟಿದ್ದೇವೆ. ಆಫೀಸಿನ ಚೀಟಿಯಲ್ಲಿ ಯಾರ ಹೆಸರು ಬಂದರೂ ಅವರಿಗೆ ಮೂರು ಬಾಟಲಿ. ಪಿಜಿಯಲ್ಲಿರುವ ಹುಡುಗನಿಗೆ ಸಿಕ್ಕರೆ ಅವನು ಕಾಫಿ ಮಗ್ಗಿಗಿಂತ ಇದಕ್ಕೆ ಖುಷಿ ಪಡುತ್ತಾನೆ ಅಂತ ನನ್ನ ಭರವಸೆ.

ಎರಡನೆಯದು ಪುಸ್ತಕ. ಅವೆನ್ಯೂ ರೋಡಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಕಳೆದರೆ ಅಪಾರ್ಟ್‌ಮೆಂಟಿನ ಅಷ್ಟೂ ಮಕ್ಕಳಿಗೆ ಆಗುವಷ್ಟು ಸಿಗುತ್ತವೆ. ಹೈದರಾಬಾದಿನಲ್ಲಿರುವ ನಮ್ಮೂರವರು ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಬಜಾರಿಗೆ ಹೋಗಬಹುದು. ಒಳಗಡೆ ಹಿಂದಿನವರ ಹೆಸರಿದ್ದರೆ ಅಳಿಸುವುದಿಲ್ಲ. ಅದರ ಕೆಳಗೆ ಹೊಸ ಮಗುವಿನ ಹೆಸರು ಬರೆಯುತ್ತೇವೆ.

ಮೂರನೆಯದು ನಮ್ಮ ಮಕ್ಕಳದ್ದು. ಎತ್ತರ ಬೆಳೆದು ಬಿಟ್ಟ ಸೈಕಲ್ಲಿಗೆ ಹೊಸ ಟೈರು, ಬೆಲ್ಲು ಹಾಕಿಸಿ ಕೆಳಗಿನ ಮನೆಯ ಹುಡುಗನಿಗೆ. ಅವರ ಮನೆಯ ಕೇರಂ ಬೋರ್ಡು ನಮಗೆ. ಎರಡೂ ಕಡೆಯ ಅಮ್ಮಂದಿರು ಮೊದಲೇ ಮಾತಾಡಿಕೊಂಡಾಗಿದೆ.

ನಾಲ್ಕನೆಯದು ಕೌದಿ, ಅಕ್ಕನಿಗೇ ಹೇಳಿ ಹೊಲಿಸುವುದು. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದಾಗ ಕೊಡದೆ ಉಳಿಸಿದ ಕಾಟನ್ ಸೀರೆಗಳಿವೆ. ಇದು ಮಾತ್ರ ಎರಡು ಸಾವಿರದ ಲೆಕ್ಕದ ಹೊರಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನೀವು ಕೇಳಬಹುದಾದ ಪ್ರಶ್ನೆಗಳು.

ಹಳೆಯದನ್ನು ಕೊಟ್ಟರೆ ಅವಮಾನ ಅಲ್ಲವೇ? ಕೆಲವು ಸಲ ಹೌದು. ಮನೆಗೆಲಸಕ್ಕೆ ಬರುವವರಿಗೆ ಹಬ್ಬದ ದಿನ ನಾವು ಉಟ್ಟು ಬಿಟ್ಟ ಸೀರೆ ಕೊಟ್ಟು ‘ಉಡುಗೊರೆ’ ಅನ್ನುವುದಿದೆಯಲ್ಲ, ಅದು ಅವಮಾನವೇ. ಅವರ ಮನೆಯ ಹಳೇ ಸೀರೆಯನ್ನು ನಾವು ಉಡುತ್ತೇವಾ? ಇಲ್ಲ. ಹಾಗಾಗಿ ನನ್ನದೊಂದು ಸರಳ ನಿಯಮ: ಯಾರಿಂದ ನಾನು ಹಳೆಯದನ್ನು ಸಂತೋಷವಾಗಿ ತಗೊಳ್ಳಬಲ್ಲೆನೋ ಅವರಿಗೆ ಮಾತ್ರ ಹಳೆಯದನ್ನು ಕೊಡುವುದು. ಸೈಕಲ್ಲು ಹೋದ ಮನೆಯಿಂದ ಕೇರಂ ಬೋರ್ಡು ಬಂದರೆ ಅದು ಸರೀಕರ ವ್ಯವಹಾರ. ಮನೆಗೆಲಸದ ಅಮ್ಮನಿಗೆ ಈ ಸಲವೂ ಹೊಸ ಸೀರೆ, ಜತೆಗೆ ಒಂದು ತಿಂಗಳ ಬೋನಸ್ಸು. ಉಳಿತಾಯ ಅಂದರೆ ಅವರ ಪಾಲನ್ನು ಉಳಿಸುವುದಲ್ಲ. ಇದೂ ಎರಡು ಸಾವಿರದೊಳಗೆ ಬರುವುದಿಲ್ಲ, ಇದು ಉಡುಗೊರೆಯೇ ಅಲ್ಲ, ಅವರ ಹಕ್ಕು.

ಮನೆಯಲ್ಲಿ ಮಾಡಿದ್ದು ಪುಕ್ಕಟೆಯೇ? ಇದು ಇನ್ನೂ ಗಟ್ಟಿ ಪ್ರಶ್ನೆ. ಒಂದು ಕೌದಿಗೆ ಪದರ ಮೇಲೆ ಪದರ ಹಾಸಿ ಸಾಲು ಸಾಲು ಹೊಲಿಗೆ ಹಾಕುತ್ತಾ ಹೋಗಬೇಕು. ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಕೂತರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆನ್ನು, ಕಣ್ಣು ಎರಡೂ ಸೋಲುತ್ತವೆ. ‘ಹೋಂಮೇಡ್’ ಅಂತ ನಾವು ಹೊಗಳುವುದರ ಹಿಂದೆ ಹತ್ತರಲ್ಲಿ ಒಂಬತ್ತು ಸಲ ಒಬ್ಬ ಹೆಂಗಸಿನ ನಿದ್ದೆ ಇರುತ್ತದೆ. ಅದಕ್ಕೇ ಕೌದಿಗೆ ಅಕ್ಕನಿಗೆ ದುಡ್ಡು ಕೊಡುತ್ತಿದ್ದೇನೆ, ಅಂಗಡಿಯವರು ಬೆಡ್‌ಶೀಟಿಗೆ ಕೇಳುವುದಕ್ಕಿಂತ ಹೆಚ್ಚೇ. ಅವಳು ಮೊದಲು “ನಿನ್ ಕಡಿಂದ ರೊಕ್ಕ ತಗೋಬೇಕಾ?” ಅಂತ ಬೇಡ ಅಂದಳು. “ಟೇಲರ್‌ಗೆ ಕೊಡ್ತೀವಿ, ನಿನಗ್ಯಾಕ ಕೊಡಬಾರದು ಅಕ್ಕಾ?” ಅಂದೆ. ಒಪ್ಪಿಕೊಂಡಳು. ಹಿಂಡಿ ಕುಟ್ಟುವುದರಲ್ಲಿ ನಮ್ಮ ಮನೆಯವರ ಪಾಲು ಅರ್ಧ, ಮಕ್ಕಳ ಪಾಲು ಸಿಪ್ಪೆ ತೂರುವುದು. ಒಬ್ಬಳೇ ಮಾಡುವುದಾದರೆ ಅಂಗಡಿಯಿಂದ ತರುವುದೇ ಒಳ್ಳೆಯದು ಅಂತ ಮೊದಲೇ ಕರಾರು.

ಎಲ್ಲರೂ ಹೀಗೆ ಕೂತರೆ ಅಂಗಡಿಯವರ ಗತಿ? ಶೇಂಗಾ, ಅಗಸಿ, ಗುರೆಳ್ಳು ಆಕಾಶದಿಂದ ಬೀಳುವುದಿಲ್ಲವಲ್ಲ. ಅವನ್ನು ಊರಿನ ಸಂತೆಯಿಂದಲೇ ತರಿಸುತ್ತೇವೆ. ಸೈಕಲ್ ರಿಪೇರಿಯವನಿಗೂ, ಫುಟ್‌ಪಾತಿನ ಪುಸ್ತಕದವನಿಗೂ ಹೊಟ್ಟೆ ಇದೆ. ದುಡ್ಡು ಹೋಗುವ ದಾರಿ ಮಾತ್ರ ಬೇರೆ.

ಇನ್ನು ಮಕ್ಕಳು. ‘ಅವನಿಗೆ ಸಾಂಟಾ ರಿಮೋಟ್ ಕಾರ್ ಕೊಟ್ಟ, ನಮಗ್ಯಾಕೆ ಕೇರಂ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ನನ್ನ ಬಳಿ ಜಾಣ ಉತ್ತರವೇನೂ ಇಲ್ಲ. ಕೂತು ಅವರ ಜೊತೆ ಕೇರಂ ಆಡುವುದೊಂದೇ ದಾರಿ. ಕಾರಿನ ಜತೆ ಅಪ್ಪ ಅಮ್ಮ ಬರುವುದಿಲ್ಲ, ಕೇರಂ ಜತೆ ಬರಲೇಬೇಕು!

ಅಕ್ಕ ಈ ಸಲ ಎಳ್ಳಮಾಸಿಗೆ ನಮ್ಮ ಹೊಲಕ್ಕೆ ಬರುತ್ತೇನೆ ಅಂದಿದ್ದಾಳೆ. ಬರುವಾಗ ಏನು ತರುತ್ತೀ ಅಂತ ನಾವು ಕೇಳಿಲ್ಲ, ಏನು ತರಲಿ ಅಂತ ಅವಳೂ ಕೇಳಿಲ್ಲ. ನನ್ನ ಮಟ್ಟಿಗೆ ಈ ವರ್ಷದ ಲಾಭ ಅಷ್ಟೇ, ಮತ್ತು ಅದು ಸಾಕು.

ನಿಮ್ಮ ಕಡೆ ಹೇಗೆ? ಮಲೆನಾಡಿನವರು, ಕರಾವಳಿಯವರು, ಅಮೆರಿಕಾದಲ್ಲಿ ಕೂತವರು, ಡಿಸೆಂಬರಿನಲ್ಲಿ ಯಾರಿಗೆ ಏನು ಕೊಡುತ್ತೀರಿ? ಕೈಯಲ್ಲೇ ಮಾಡಿ ಕೊಡುವಂಥದ್ದು, ಕೆಡದೆ ಉಳಿಯುವಂಥದ್ದು ಏನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಪಟ್ಟಿಯಲ್ಲಿ ಇನ್ನೂ ಮೂರು ಹೆಸರು ಬಾಕಿ ಇವೆ.