ಎರಡು ಗಾಜುಗಳ ಒಂದು ಕಡಲು

ಹಳೆಯ ಕಡಲತೀರದ ಛಾಯಾಚಿತ್ರಗಳನ್ನು ಭಂಡಾರದಿಂದ ಹೊರತೆಗೆದು ಪ್ರದರ್ಶನಕ್ಕೆ ಅಣಿಗೊಳಿಸುವವರು ಚಿತ್ರದ ಕೆಳಗೆ ಊರು, ಇಸವಿ, ಛಾಯಾಗ್ರಾಹಕನ ಹೆಸರು ಇಷ್ಟನ್ನೇ ಬರೆಯುವುದು ವಾಡಿಕೆ. ಇದು ಸಾಲದೆಂಬುದು ನನ್ನ ಅಭಿಪ್ರಾಯ. ಚಿತ್ರವು ಮೂಡಿದ ಬಗೆಯನ್ನೂ ಅಲ್ಲಿ ತಿಳಿಸಬೇಕು.

ಒಂದು ನಿದರ್ಶನವನ್ನು ನೋಡೋಣ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1857ರಲ್ಲಿ ಮೆಡಿಟರೇನಿಯನ್ ತೀರದ ಸೆತ್ ಎಂಬ ರೇವಿನಲ್ಲಿ ‘ಮಹಾತರಂಗ’ ಎಂಬ ಚಿತ್ರವನ್ನು ತೆಗೆದನು. ಅದರ ಪ್ರತಿಯೊಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಕೆಳಗಿನ ಅಲೆಯೂ ಮೇಲಿನ ಮುಗಿಲೂ ಒಂದೇ ಕ್ಷಣದವೆಂದು ನಮ್ಮ ಕಣ್ಣು ನಂಬುತ್ತದೆ. ಆದರೆ ಅವು ಎರಡು ಬೇರೆ ಬೇರೆ ಗಾಜಿನ ನೆಗೆಟಿವ್‌ಗಳಿಂದ ಬಂದು ದಿಗಂತರೇಖೆಯಲ್ಲಿ ಕೂಡಿದವು. ಒಂದೇ ಆಕಾಶವನ್ನು ಆತನು ಬೇರೆ ಬೇರೆ ಕಡಲುಗಳ ಮೇಲೆ ಬಳಸಿದ್ದೂ ಉಂಟು. ಚಿತ್ರವನ್ನು ಆ ದಿನದ ಹವೆಯ ದಾಖಲೆಯೆಂದು ತಿಳಿಯುವ ವಿದ್ಯಾರ್ಥಿಯು ಮೋಸಹೋಗುವುದರಲ್ಲಿ ಸಂದೇಹವಿಲ್ಲ.

ಎರಡು ಗಾಜುಗಳು ಏಕೆ ಬೇಕಾದವು? 1851ರಲ್ಲಿ ಪ್ರಕಟವಾದ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಮೇಲಿನ ಬೆಳ್ಳಿಯ ಲವಣಗಳು ಮುಖ್ಯವಾಗಿ ನೀಲಿ, ನೇರಳೆ ಮತ್ತು ಅತಿನೇರಳೆ ಕಿರಣಗಳಿಗೆ ಮಾತ್ರ ಓಗೊಡುತ್ತಿದ್ದವು. ಬೆಳಕಿನ ಕಣದ ಶಕ್ತಿಯು ಅದರ ಕಂಪನಸಂಖ್ಯೆಗೆ ಅನುಪಾತವಾಗಿರುವುದಷ್ಟೆ. ಕೆಂಪು ಬೆಳಕಿನ ಕಣಕ್ಕೆ ಆ ಲವಣದ ಇಲೆಕ್ಟ್ರಾನನ್ನು ಕದಲಿಸುವಷ್ಟು ಶಕ್ತಿಯಿಲ್ಲ. ನೀಲಿ ಆಕಾಶವಾದರೋ ಬಹುಬೇಗ ಅಚ್ಚೊತ್ತುತ್ತಿತ್ತು. ಕೆಳಗಿನ ದೃಶ್ಯವು ಸರಿಯಾಗಿ ಮೂಡುವವರೆಗೆ ಮಸೂರವನ್ನು ತೆರೆದಿಟ್ಟರೆ ಮುಗಿಲುಗಳು ಅಳಿಸಿಹೋಗುತ್ತಿದ್ದವು. ವರ್ಣದ್ರವ್ಯವನ್ನು ಬೆರೆಸಿ ಈ ಕುರುಡನ್ನು ನೀಗುವ ಮಾರ್ಗವನ್ನು ಹೆರ್ಮನ್ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ. ಇದೇ ರೀತಿ, ಮಸೂರವು ಬಹುಹೊತ್ತು ತೆರೆದಿದ್ದಾಗ ನಡೆದಾಡುವ ಜನರು ಗುರುತುಳಿಯದೆ ಮಾಯವಾಗುತ್ತಿದ್ದರು. ಚಿತ್ರದಲ್ಲಿ ಬರಿದಾಗಿ ತೋರುವ ತೀರವೆಲ್ಲ ನಿಜವಾಗಿಯೂ ಬರಿದಾಗಿತ್ತೆನ್ನಲಾಗದು.

ಇಂತಹ ವಿವರಣೆಯಿಂದ ಸೌಂದರ್ಯಾನುಭವಕ್ಕೆ ಭಂಗ ಬರುವುದೆಂದು ಕೆಲವರು ಆಕ್ಷೇಪಿಸಬಹುದು. ನಾನು ಒಪ್ಪಲಾರೆ. ಲ ಗ್ರೇ ವಂಚಕನಲ್ಲ. ತನ್ನ ಸಾಧನದ ಕೊರತೆಯನ್ನು ಜಾಣ್ಮೆಯಿಂದ ಗೆದ್ದವನು. ಆ ಜಾಣ್ಮೆಯನ್ನು ಮರೆಮಾಡುವುದು ಅವನಿಗೇ ಮಾಡುವ ಅನ್ಯಾಯ.

ಆದುದರಿಂದ ನನ್ನ ಸಲಹೆ ಇಷ್ಟು: ಬೆಳಕಿನಿಂದಾಗುವ ಹಾನಿಯು ಕೂಡುತ್ತಲೇ ಹೋಗುವುದಾದುದರಿಂದ ಮೂಲಪ್ರತಿಯನ್ನು ಸುಮಾರು 50 ಲಕ್ಸ್ ಮೀರದ ಮಂದ ಬೆಳಕಿನಲ್ಲಿ, ಕೆಲವೇ ವಾರಗಳ ಕಾಲ ತೂಗುಹಾಕಲಿ. ಪಕ್ಕದ ಪ್ರಕಾಶದಲ್ಲಿ ಅದರ ನಕಲೊಂದನ್ನಿರಿಸಿ, ಆಕಾಶ ಮತ್ತು ಕಡಲು ಕೂಡಿದ ಗೆರೆಯನ್ನು ಗುರುತಿಸಲಿ. ಆ ಗೆರೆಯನ್ನು ಕಂಡ ವಿದ್ಯಾರ್ಥಿಯು ಮುಂದೆ ಯಾವ ಚಿತ್ರವನ್ನು ನೋಡಿದರೂ ‘ಇದು ಹೇಗೆ ಆಯಿತು?’ ಎಂದು ಕೇಳುವನು. ವಿಜ್ಞಾನವು ಆರಂಭವಾಗುವುದು ಅಲ್ಲಿಯೇ ಅಲ್ಲವೆ?