ತೋಳ ತಾನೇ ಒಗ್ಗಿಕೊಳ್ಳುತ್ತೆ ಅನ್ನುವವರಿಗೆ

ಕಾಡುಪ್ರಾಣಿಗಳ ಮಾತು ಬಂದಾಗ ಕಟ್ಟೆ ಮೇಲೆ ಕೂತವರಲ್ಲಿ ಒಬ್ಬರಾದರೂ ಹೀಗೆ ಹೇಳ್ತಾರೆ: ‘ಅದಕ್ಕೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು? ಗಟ್ಟಿ ಇದ್ದದ್ದು ಉಳಿಯುತ್ತೆ, ಇಲ್ಲದ್ದು ಹೋಗುತ್ತೆ. ಪ್ರಕೃತಿ ನಿಯಮ.’ ಓದಿದವರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ದೊಡ್ಡ ಶಬ್ದ ಹಾಕಿ ಹೇಳುತ್ತಾರೆ ಅಷ್ಟೆ.

ಈ ಮಾತು ಅರ್ಧ ನಿಜ. ಉಳಿದರ್ಧ ತಿಳಿದುಕೊಳ್ಳದೇ ಹೋದರೆ ನಮ್ಮ ಬಯಲುಸೀಮೆಯ ತೋಳವನ್ನು ನಾವು ಕಣ್ಣೆದುರೇ ಕಳೆದುಕೊಳ್ಳುತ್ತೇವೆ. ನಾನು ಏಳನೇ ತರಗತಿ ಓದಿದವನು. ಮಸಾರಿ ಹೊಲದಲ್ಲಿ ಸಜ್ಜೆ, ಶೇಂಗಾ, ತೊಗರಿ ಬೆಳೆಯುವವನು. ಮನೆಯಲ್ಲಿ ಒಂದಿಷ್ಟು ಕುರಿಯೂ ಇವೆ. ಹಾಗಾಗಿ ತೋಳದ ಪರ ವಕಾಲತ್ತು ವಹಿಸುವುದು ನನಗೆ ಸುಲಭದ ಕೆಲಸವಲ್ಲ. ಆದರೂ ಓದಿ, ಕೇಳಿ ತಿಳಿದದ್ದನ್ನು ನನ್ನ ಕಸುಬಿನ ಲೆಕ್ಕದಲ್ಲಿ ಇಟ್ಟು ನೋಡಿದ್ದೇನೆ.

ಜರಡಿ ಮತ್ತು ರಾಶಿ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ‘ತೋಳ ಬಿಸಿಲಿಗೆ ಒಗ್ಗಿಕೊಂಡಿತು’ ಅನ್ನುತ್ತೇವೆ. ಯಾವ ತೋಳವೂ ಕೂತು ಯೋಚನೆ ಮಾಡಿ ಒಗ್ಗಿಕೊಂಡಿಲ್ಲ. ಒಂದೇ ಸೂಲಿನಲ್ಲಿ ಹುಟ್ಟಿದ ಮರಿಗಳೂ ಒಂದೇ ತರಹ ಇರುವುದಿಲ್ಲ. ಒಂದರ ಕೂದಲು ದಟ್ಟ, ಇನ್ನೊಂದರದು ತೆಳು. ಒಂದಕ್ಕೆ ರೋಗ ತಡೆಯುವ ಶಕ್ತಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಆ ಜಾಗಕ್ಕೆ, ಆ ಕಾಲಕ್ಕೆ ಹೊಂದಿದ್ದು ಬದುಕಿ ಹೆಚ್ಚು ಮರಿ ಹಾಕುತ್ತದೆ. ಹೊಂದದ್ದು ಮರಿ ಹಾಕುವ ಮೊದಲೇ ಹೋಗುತ್ತದೆ. ತಲೆಮಾರುಗಟ್ಟಲೆ ಹೀಗೇ ನಡೆದರೆ ಇಡೀ ಸಂತತಿಯೇ ಆ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಇದನ್ನೇ ನಿಸರ್ಗದ ಆಯ್ಕೆ ಅನ್ನುತ್ತಾರೆ.

ನಮಗೆ ಇದು ಹೊಸದೇನಲ್ಲ. ಬೀಜಕ್ಕೆ ತೆನೆ ಆರಿಸುವಾಗ, ಟಗರು ಉಳಿಸುವಾಗ ನಾವು ಮಾಡುವುದೂ ಇದೇ. ನಮ್ಮಲ್ಲಿ ಜರಡಿ ಹಿಡಿಯುವವರು ನಾವು. ಅಲ್ಲಿ ಬರ, ಚಳಿ, ರೋಗ, ಹಸಿವು ಜರಡಿ ಹಿಡಿಯುತ್ತವೆ.

ಆದರೆ ಎರಡು ವಿಷಯ ಮರೆಯಬಾರದು. ಜರಡಿ ಹೊಸ ಕಾಳು ಹುಟ್ಟಿಸುವುದಿಲ್ಲ, ಇದ್ದದ್ದರಲ್ಲಿ ಬೇರ್ಪಡಿಸುತ್ತದೆ ಅಷ್ಟೆ. ಮತ್ತೆ, ಜರಡಿಯ ಕಣ್ಣು ಪ್ರತಿ ವರ್ಷ ಒಂದೇ ಅಳತೆ ಇರುವುದಿಲ್ಲ. ಈ ವರ್ಷ ಬರ, ಮುಂದಿನ ವರ್ಷ ರೋಗ. ಆದ್ದರಿಂದ ರಾಶಿ ದೊಡ್ಡದಿರಬೇಕು, ಮತ್ತು ಅದರಲ್ಲಿ ತರಾವರಿ ಕಾಳು ಇರಬೇಕು. ‘ಪ್ರಕೃತಿ ನೋಡಿಕೊಳ್ಳುತ್ತೆ’ ಅನ್ನುವವರು ಜರಡಿಯನ್ನು ಮಾತ್ರ ನೋಡುತ್ತಾರೆ, ರಾಶಿ ಎಷ್ಟು ಉಳಿದಿದೆ ಅಂತ ನೋಡುವುದಿಲ್ಲ.

ಕರಿ ತೋಳದ ಕಥೆ

ಅಮೆರಿಕದಲ್ಲಿ ಯೆಲ್ಲೋಸ್ಟೋನ್ ಅಂತ ಒಂದು ರಾಷ್ಟ್ರೀಯ ಉದ್ಯಾನ ಇದೆ. 1926ರ ಹೊತ್ತಿಗೆ ಅಲ್ಲಿನ ತೋಳಗಳನ್ನೆಲ್ಲ ಕೊಂದು ಮುಗಿಸಿದ್ದರು. ಆಮೇಲೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಅವುಗಳ ಸಂತತಿಯಲ್ಲಿ ಹತ್ತಿರ ಹತ್ತಿರ ಅರ್ಧ ಬೂದು ಬಣ್ಣ, ಅರ್ಧ ಕರಿ.

ಈ ಕರಿ ಬಣ್ಣ ಬಂದದ್ದು ಎಲ್ಲಿಂದ ಅಂತ ಹುಡುಕಿದಾಗ 2009ರಲ್ಲಿ ವಿಜ್ಞಾನಿಗಳಿಗೆ ಉತ್ತರ ಸಿಕ್ಕಿತು. ಅದು ನಾಯಿಯದು. ಸಾವಿರಾರು ವರ್ಷ ಹಿಂದೆ ಅಲ್ಲಿನ ಮೂಲನಿವಾಸಿಗಳ ಜೊತೆಗಿದ್ದ ನಾಯಿ ತೋಳದೊಂದಿಗೆ ಕೂಡಿದಾಗ ಆ ಗುಣ ತೋಳದ ವಂಶದೊಳಗೆ ಹೋಯಿತು. ನಾಯಿಯಿಂದ ಬಂದದ್ದು ಬೇಕಾದಷ್ಟು ಇರಬಹುದು, ಅದೆಲ್ಲ ಉಳಿಯಲಿಲ್ಲ. ಇದು ಮಾತ್ರ ಯಾಕೆ ಉಳಿಯಿತು?

ಇಲ್ಲಿ ಡಿಸ್ಟೆಂಪರ್ ರೋಗದ ಮಾತು ಬರುತ್ತದೆ. ಗೋಡೆಗೆ ಬಳಿಯುವ ಡಿಸ್ಟೆಂಪರ್ ಅಲ್ಲ, ನಾಯಿ ಜಾತಿಗೆ ಬರುವ ವೈರಸ್ ರೋಗ. ಯೆಲ್ಲೋಸ್ಟೋನಿನಲ್ಲಿ 1999, 2005 ಮತ್ತು 2008ರಲ್ಲಿ ಈ ರೋಗ ಬಂದು ಮರಿಗಳು ಬಹಳ ಸತ್ತವು. ಕರಿ ಬಣ್ಣ ಕೊಡುವ ವಂಶವಾಹಿಗೆ ರೋಗ ತಡೆಯುವ ಕೆಲಸದ ಜೊತೆಗೂ ಸಂಬಂಧ ಇದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ಸಂಗತಿ ಕಂಡವು. ಈ ರೋಗ ಬಂದು ಬದುಕಿ ಉಳಿದ ಗುರುತು ಕರಿ ತೋಳಗಳ ರಕ್ತದಲ್ಲೇ ಹೆಚ್ಚು. ರೋಗ ಪದೇ ಪದೇ ಬರುವ ಸೀಮೆಯಲ್ಲಿ ಕರಿ ತೋಳಗಳ ಸಂಖ್ಯೆಯೂ ಹೆಚ್ಚು. ಅಂಥಲ್ಲಿ ಬೂದು ತೋಳ ಕರಿ ಜೋಡಿಯನ್ನು, ಕರಿ ತೋಳ ಬೂದು ಜೋಡಿಯನ್ನು ಹುಡುಕಿಕೊಳ್ಳುವುದೂ ಹೆಚ್ಚು.

ಹಾಗಾದರೆ ಎಲ್ಲವೂ ಕರಿ ಯಾಕಾಗಲಿಲ್ಲ? ನನಗೆ ಬಹಳ ಹಿಡಿಸಿದ್ದು ಇದೇ. ಮರಿಗೆ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಬರುತ್ತದೆ. ಒಂದು ಪಾಲು ಕರಿ ಬಂದರೂ ಮೈ ಕರಿಯಾಗುತ್ತದೆ. ಆದರೆ ಎರಡೂ ಪಾಲು ಕರಿಯೇ ಬಂದರೆ ಆ ತೋಳ ಬದುಕುವುದು ಕಷ್ಟ. ಒಂದು ಕರಿ, ಒಂದು ಬೂದು ಪಾಲು ಇದ್ದದ್ದೇ ರೋಗದ ಕಾಲದಲ್ಲಿ ಗಟ್ಟಿ. ಅಂದರೆ ಬೂದು ಇಲ್ಲದೆ ಕರಿಗೆ ಬಾಳಿಕೆ ಇಲ್ಲ. ಅದಕ್ಕೇ ಎರಡೂ ಉಳಿದಿವೆ. ಒಂದೇ ತಳಿ ಶ್ರೇಷ್ಠ ಅಂತ ಊರ ತುಂಬ ಅದನ್ನೇ ಬಿತ್ತುವ ನಮ್ಮ ಬುದ್ಧಿಗೆ ಇದೊಂದು ಪಾಠ.

ರಾಶಿ ಸಣ್ಣದಾದಾಗ

ಅದೇ ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪ ಇದೆ. 1940ರ ದಶಕದ ಕೊನೆಗೆ ಸರೋವರ ಹೆಪ್ಪುಗಟ್ಟಿದಾಗ ಕೆಲವೇ ತೋಳಗಳು ನಡೆದು ಅಲ್ಲಿಗೆ ಹೋಗಿ ನೆಲೆ ನಿಂತವು. 1980ರಲ್ಲಿ 50 ಇದ್ದವು. ನಾಯಿಗಳ ಇನ್ನೊಂದು ರೋಗ, ಪಾರ್ವೋ, ದ್ವೀಪ ಹೊಕ್ಕಿತು. 1982ಕ್ಕೆ ಉಳಿದದ್ದು 14.

ಗಟ್ಟಿ ಇದ್ದದ್ದೇ ಉಳಿಯಿತಲ್ಲ, ಇನ್ನು ಅದರ ಸಂತತಿ ಇನ್ನೂ ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಹೊರಗಿನ ರಕ್ತ ಸೇರದೆ ತಮ್ಮತಮ್ಮೊಳಗೇ ಕೂಡಿ ಬೆನ್ನುಮೂಳೆ ಸರಿಯಿಲ್ಲದ ತೋಳಗಳು ಹುಟ್ಟಿದವು. 1997ರಲ್ಲಿ ಒಂದು ಗಂಡು ತೋಳ ಮಂಜುಗಡ್ಡೆ ದಾಟಿ ಬಂದಾಗ ಸ್ವಲ್ಪ ಕಾಲ ಚೇತರಿಕೆ ಕಂಡಿತು. ಕೆಲವೇ ವರ್ಷದಲ್ಲಿ ಎಲ್ಲವೂ ಅದರದೇ ಮಕ್ಕಳು ಮೊಮ್ಮಕ್ಕಳಾಗಿ ಮತ್ತೆ ಅದೇ ಪಾಡು. 2016ಕ್ಕೆ ಉಳಿದದ್ದು ಎರಡೇ, ಅದೂ ತಂದೆ ಮತ್ತು ಮಗಳು. ಕೊನೆಗೆ 2018-19ರಲ್ಲಿ ಹೊರಗಿನಿಂದ 19 ತೋಳ ತಂದು ಬಿಡಬೇಕಾಯಿತು.

ಒಂದೇ ಟಗರನ್ನು ವರ್ಷಾನುಗಟ್ಟಲೆ ಹಿಂಡಿನಲ್ಲಿ ಬಿಟ್ಟರೆ ಏನಾಗುತ್ತೆ ಅಂತ ಕುರಿ ಸಾಕಿದ ಯಾರಿಗೂ ಹೇಳಬೇಕಾಗಿಲ್ಲ. ರಾಶಿ ಸೇರಿಗೆ ಇಳಿದ ಮೇಲೆ ಜರಡಿ ಆಡಿಸಿದರೆ ಬೀಜಕ್ಕೂ ಕಾಳು ಉಳಿಯುವುದಿಲ್ಲ.

ನಮ್ಮ ಬಯಲಿನ ತೋಳ

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಅಲಾಸ್ಕದ ತೋಳ 40 ಕಿಲೋ ದಾಟಿ ತೂಗುತ್ತದೆ, ಮೈತುಂಬ ದಟ್ಟ ಕೂದಲು. ನಮ್ಮದು 20 ಕಿಲೋ ಆಸುಪಾಸು. ತೆಳುಗೂದಲು, ಉದ್ದ ಕಾಲು, ಒಣಹುಲ್ಲಿನ ಬಣ್ಣ. ನಮ್ಮ ಬಿಸಿಲು, ನಮ್ಮ ಕುರುಚಲು ಬಯಲು ಆರಿಸಿದ ಮೈ ಅದು. 2021ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ, ಇವತ್ತು ಬದುಕಿರುವ ಬೂದು ತೋಳಗಳಲ್ಲೇ ಬಹಳ ಹಳೆಯ ಕವಲುಗಳಲ್ಲಿ ಭಾರತದ ತೋಳವೂ ಒಂದು. ಅಮೆರಿಕದ ಹಾಗೆ ಇನ್ನೊಂದು ದೇಶದಿಂದ ತಂದು ಬಿಡೋಣ ಅಂದರೆ ಈ ತಳಿ ಅಲ್ಲಿ ಸಿಗುವುದು ಕಷ್ಟ. 2022ರಲ್ಲಿ ಪ್ರಕಟವಾದ ಅಂದಾಜಿನಂತೆ ಇಡೀ ದೇಶದಲ್ಲಿ ಸುಮಾರು 3,100 ಇವೆ. ಹುಲಿಯಷ್ಟೇ ವಿರಳ. ಅವೂ ಒಂದೇ ಕಡೆ ಇಲ್ಲ. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು. ನಡುವೆ ಹೆದ್ದಾರಿ, ಕಾಲುವೆ, ತಂತಿಬೇಲಿ. ಬಯಲಿನಲ್ಲೇ ದ್ವೀಪಗಳಾಗುತ್ತಿವೆ.

ಇದರ ಮೇಲೆ ನಾಯಿ. 2023ರಲ್ಲಿ ಪುಣೆ ಸೀಮೆಯಲ್ಲಿ ತೋಳ ಮತ್ತು ನಾಯಿ ಬೆರೆತು ಹುಟ್ಟಿದ ಪ್ರಾಣಿಗಳು ಇವೆ ಅಂತ ವಂಶವಾಹಿ ಪರೀಕ್ಷೆಯಲ್ಲಿ ಖಚಿತವಾಯಿತು. ‘ಅಮೆರಿಕದಲ್ಲಿ ನಾಯಿ ರಕ್ತ ಸೇರಿ ಒಳ್ಳೆಯದೇ ಆಯಿತಲ್ಲ, ಇಲ್ಲೂ ಆಗಲಿ ಬಿಡಿ’ ಅಂತ ಯಾರಾದರೂ ಕೇಳಬಹುದು. ಅಲ್ಲಿ ತೋಳಗಳು ಲೆಕ್ಕವಿಲ್ಲದಷ್ಟು ಇದ್ದ ಕಾಲ, ನಾಯಿ ಕೆಲವು. ಸಾವಿರಾರು ವರ್ಷ ಜರಡಿ ಹಿಡಿದು ಬೇಡದ್ದನ್ನು ಕಳೆದು ಬೇಕಾದ್ದನ್ನು ಉಳಿಸಿಕೊಳ್ಳಲು ಪುರುಸೊತ್ತು ಇತ್ತು. ಇಲ್ಲಿ ಲೆಕ್ಕ ತಿರುಗುಮುರುಗು. ಊರಿಗೊಂದು ನಾಯಿ ಹಿಂಡು, ಸೀಮೆಗೊಂದು ತೋಳದ ಗುಂಪು. ಒಂದು ಚಮಚ ಹೆಪ್ಪು ಒಂದು ಗಡಿಗೆ ಹಾಲಿಗೆ ಬಿದ್ದರೆ ಮೊಸರು. ಒಂದು ಲೋಟ ಹಾಲಿಗೆ ಒಂದು ಗಡಿಗೆ ನೀರು ಸುರಿದರೆ ಅದನ್ನು ಏನಂತ ಕರೆಯೋಣ?

ನಾಯಿ ರೋಗವನ್ನೂ ತರುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಅವುಗಳಲ್ಲೂ ಇದೇ ಡಿಸ್ಟೆಂಪರ್ ವೈರಸ್ ಸಿಕ್ಕಿತು. ಅಂಥ ರೋಗ ನಮ್ಮ ತೋಳದ ಸಣ್ಣ ಗುಂಪಿಗೆ ಬಂದರೆ ತಡೆಯುವ ಗುಣ ಇರುವ ಒಂದೆರಡಾದರೂ ಅದರಲ್ಲಿ ಇರಬೇಕಲ್ಲ.

ಕುರಿಗಾರನ ಪಾಲು

‘ಕುರಿ ಹೋದವನಿಗೆ ಈ ಮಾತು ಹೇಳು ನೋಡೋಣ’ ಅನ್ನುತ್ತೀರಿ. ಹೇಳುತ್ತೇನೆ, ನನ್ನ ಕುರಿಯೂ ಹೋಗಿವೆ. ಪರಿಹಾರಕ್ಕೆ ಅಂತ ಕಚೇರಿಗೆ ಹೋದರೆ ಫೋಟೋ ಎಲ್ಲಿ, ಸರ್ಟಿಫಿಕೇಟ್ ಎಲ್ಲಿ, ನಾಯಿ ತಿಂದಿದ್ದೋ ತೋಳ ತಿಂದಿದ್ದೋ ಅಂತ ಕೇಳಿದರು. ನಾಲ್ಕು ಸಲ ಅಲೆದದ್ದಕ್ಕೆ ಬಸ್ ಚಾರ್ಜೂ ಹುಟ್ಟಲಿಲ್ಲ. ಇಡೀ ದೇಶದ ಆಸ್ತಿ ಅಂತೀರಿ, ಅದರ ಮೇವಿನ ಖರ್ಚು ಮಾತ್ರ ಬಡ ಕುರಿಗಾರನ ತಲೆಗೆ ಯಾಕೆ? ಇದು ನ್ಯಾಯವಲ್ಲ. ಕಾನೂನಿನ ಒಂದನೇ ಪಟ್ಟಿಯಲ್ಲಿ ಹೆಸರು ಬರೆದರೆ ತೋಳ ಉಳಿಯುವುದಿಲ್ಲ. ಕುರಿಗಾರ ಸಹಿಸಿಕೊಂಡದ್ದರಿಂದ ಇಷ್ಟಾದರೂ ಉಳಿದಿದೆ.

ಆದರೆ ನಾವೂ ಒಂದು ಲೆಕ್ಕ ಮರೆಯುತ್ತೇವೆ. ತೋಳ ಇಲಿ, ಮೊಲ ತಿನ್ನುತ್ತದೆ. ಚಿಗರಿ ಇರುವ ಕಡೆ ಚಿಗರಿಯನ್ನೂ ಹಿಡಿಯುತ್ತದೆ. ಚಿಗರಿ ಕಾಟದಿಂದ ಬಿತ್ತಿದ್ದು ಕೈಗೆ ಬರಲಿಲ್ಲ ಅಂತ ಅಳುವವರೂ ನಾವೇ.

ನನ್ನ ಅಭಿಪ್ರಾಯದಲ್ಲಿ ಆಗಬೇಕಾದದ್ದು ಇಷ್ಟು.

ಒಂದು, ಕಾವಲು ಮತ್ತು ಗೋಮಾಳವನ್ನು ಬೀಳು ಅಂತ ಬರೆಯುವುದು ನಿಲ್ಲಬೇಕು. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಗಿಡ ನೆಡುವುದು, ಸೋಲಾರ್ ಹಲಗೆಗೆ ಸಾವಿರಾರು ಎಕರೆ ಬೇಲಿ ಹಾಕುವುದು ತೋಳಕ್ಕೂ ಕುರಿಗೂ ಒಟ್ಟಿಗೇ ಕೇಡು. 1974ರಲ್ಲಿ ಮೇಲುಕೋಟೆಯಲ್ಲಿ ತೋಳಕ್ಕೆಂದೇ ಅಭಯಧಾಮ ಮಾಡಿದರು. ಈಗ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೂ ತೋಳಧಾಮ ಆಗಿದೆ. ಸಂತೋಷ. ಆದರೆ ಧಾಮದಿಂದ ಧಾಮಕ್ಕೆ ತೋಳ ಓಡಾಡುವ ಬಯಲು ಉಳಿಯದಿದ್ದರೆ ಅವೂ ಐಲ್ ರಾಯಲ್ ಆಗುತ್ತವೆ.

ಎರಡು, ನಾಯಿ. ಸತ್ತ ಕೋಳಿ, ಸತ್ತ ಕುರಿ ಹಳ್ಳದ ದಂಡೆಗೆ ಎಸೆದು ನಾಯಿ ಹಿಂಡು ಬೆಳೆಸುತ್ತಿರುವವರು ನಾವು. ಹೂಳಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕುವಾಗ ತೋಳ ಇರುವ ಸೀಮೆಯಲ್ಲಾದರೂ ಡಿಸ್ಟೆಂಪರ್, ಪಾರ್ವೋ ಲಸಿಕೆಯನ್ನೂ ಕುರಿಹಟ್ಟಿಯ ನಾಯಿಗಳಿಗೆ ಸರಕಾರ ಹಾಕಿಸಬೇಕು. ನಮ್ಮ ನಾಯಿಯೂ ಉಳಿಯುತ್ತದೆ.

ಮೂರು, ಪರಿಹಾರ ಊರಿನಲ್ಲೇ ಪಂಚರ ಮುಂದೆ ವಾರದೊಳಗೆ ತೀರ್ಮಾನ ಆಗಬೇಕು. ರಾತ್ರಿ ಹಟ್ಟಿಗೆ ಕಟ್ಟುವ ಬಲೆಗೆ ಸಹಾಯಧನ ಕೊಡಬೇಕು.

ನಾಲ್ಕು, ನಮ್ಮ ಕಡೆಯಿಂದ: ಚಳಿಗಾಲದಲ್ಲಿ ಮರಿ ಇದ್ದ ಗವಿಗೆ ಹೊಗೆ ಹಾಕುವುದು, ಹೆಣಕ್ಕೆ ವಿಷ ಹಾಕುವುದು ಬಿಡಬೇಕು. ಹಾಗೆ ಸಾಯಿಸುವಾಗ ರೋಗಕ್ಕೆ ಗಟ್ಟಿ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಅಂತ ಬೇರೆ ಮಾಡುವುದಿಲ್ಲ. ರಾಶಿಯೇ ಸುಟ್ಟಂತೆ.

ಟಿಬೆಟ್ಟಿನ ತೋಳಕ್ಕೆ ಗಾಳಿ ತೆಳುವಾದ ಎತ್ತರದಲ್ಲಿ ಬದುಕುವ ಗುಣ ಇದೆ. ಅಲ್ಲಿನ ಕುರಿ ಕಾಯುವ ನಾಯಿಗೆ ಆ ಗುಣ ಸಿಕ್ಕಿದ್ದು ತೋಳದಿಂದಲೇ ಅಂತ ಕಂಡುಕೊಂಡಿದ್ದಾರೆ. ಕಾಡಿನದು ಉಳಿದಿದ್ದರೆ ಸಾಕಿದ್ದಕ್ಕೆ ಒಂದು ದಿನ ಆಧಾರ. ನಮ್ಮ ಬಿಸಿಲು, ಬರ ತಡೆಯುವ ಯಾವ ಗುಣ ನಮ್ಮ ತೋಳದಲ್ಲಿದೆಯೋ, ಅದು ಮುಂದೆ ಯಾರಿಗೆ ಬೇಕಾಗುತ್ತದೋ ಈಗಲೇ ಹೇಳಲಾಗದು. ಬೀಜದ ಗಡಿಗೆಯನ್ನು ಬರಗಾಲದಲ್ಲೂ ನಮ್ಮ ಹಿರಿಯರು ಅಟ್ಟದಿಂದ ಇಳಿಸಲಿಲ್ಲ.

ಇದನ್ನು ಒಪ್ಪದ ಕುರಿಗಾರ ಬಂಧುಗಳು ಬಹಳ ಇರುತ್ತಾರೆ. ತಮ್ಮ ಸೀಮೆಯಲ್ಲಿ ತೋಳ ಎಷ್ಟಿವೆ, ಎಷ್ಟು ಕುರಿ ಹೋದವು, ಪರಿಹಾರ ಬಂತೋ ಇಲ್ಲವೋ ಅಂತ ಅವರು ಪತ್ರಿಕೆಗೆ ಬರೆಯಲಿ.