ಕಂಟ್ರೋಲರ್‌ಗೆ ಬೈಯೋ ಮುಂಚೆ ವೋಲ್ಟೇಜ್ ನೋಡ್ರಪ್ಪ

ಗಣಪತಿ ಪೆಂಡಾಲಿರಲಿ, ದೀಪಾವಳಿಗೆ ಅಪಾರ್ಟ್‌ಮೆಂಟ್ ಗೇಟಿಗೆ ಕಟ್ಟಿದ ಬಣ್ಣದ ಎಲ್‌ಇಡಿ ಸ್ಟ್ರಿಪ್ ಇರಲಿ, ದೀಪ ಒಂದು ಸಲ ಮಿಣುಕಿತು ಅಂದ್ರೆ ನಮ್ಮ ಐಟಿ ಮಂದಿ ಬಾಯಲ್ಲಿ ಒಂದೇ ಮಾತು: "ಕಂಟ್ರೋಲರ್ ಹೋಗಿದೆ, ಹೊಸದು ಹಾಕ್ಸಿ." ಅದರ ಬೆನ್ನಿಗೇ "ಚೀನಾ ಮಾಲು", "ಲೈಟಿನವನಿಗೆ ಏನೂ ಗೊತ್ತಿಲ್ಲ". ಮೀಟರ್ ಇಟ್ಟು ನೋಡಿದವರು ಮಾತ್ರ ಒಬ್ಬರೂ ಇರಲ್ಲ. ಆಫೀಸಲ್ಲಿ ಲಾಗ್ ನೋಡದೆ ಬಗ್ ಬಗ್ಗೆ ಬಾಯಿ ಬಿಡದ ನಾವು, ಗೇಟಿನ ಹತ್ರ ಬಂದ ತಕ್ಷಣ ಅಳೆಯದೇ ತೀರ್ಪು ಕೊಡ್ತೀವಿ. ನನ್ನ ತಕರಾರು ಇರೋದು ಇದರ ಮೇಲೇ.

ಕಳೆದ ದೀಪಾವಳಿಗೆ ನಾನಿರೋ ಅಪಾರ್ಟ್‌ಮೆಂಟಿನಲ್ಲಿ ಆಗಿದ್ದನ್ನ ಕೇಳಿ. ಕಮಾನಿಗೆ ಕಟ್ಟಿದ ಸ್ಟ್ರಿಪ್ ಶುರುವಲ್ಲಿ ಬಿಳಿ, ನಡುವೆ ಹಳದಿ, ತುದೀಲಿ ಕೆಂಪು. ಕಮಿಟಿಯವರು ಎರಡು ಸಲ ಕಂಟ್ರೋಲರ್ ಬದಲಾಯಿಸಿದ್ರು. ದೀಪ ಹಾಗೇ ಇತ್ತು. ಕೊನೆಗೆ ಲೈಟ್ ಕಟ್ಟಿದ ಹುಡುಗನ ಕೂಲೀಲಿ ಸಾವಿರ ರೂಪಾಯಿ ಹಿಡಿದ್ರು. ಆಮೇಲೆ ನಾನು ತುದೀಲಿ ಮಲ್ಟಿಮೀಟರ್ ಇಟ್ಟು ನೋಡಿದೆ: ಐದು ವೋಲ್ಟ್ ಇರಬೇಕಾದ ಕಡೆ 3.4. ತಮಾಷೆ ಏನಂದ್ರೆ, "ಪವರ್ ಸಪ್ಲೈನ ಕಮಾನಿನ ಪಕ್ಕದಲ್ಲೇ ಇಡೋಣ ಸಾರ್" ಅಂತ ಆ ಹುಡುಗ ಮೊದಲೇ ಹೇಳಿದ್ದ. "ಡಬ್ಬ ಕಾಣಿಸಿದ್ರೆ ಚೆನ್ನಾಗಿರಲ್ಲ" ಅಂತ ಅದನ್ನ ಸೆಕ್ಯೂರಿಟಿ ರೂಮಲ್ಲಿ ಇಡಿಸಿದ್ದು ಕಮಿಟಿಯವರೇ.

ಲೆಕ್ಕ ಹಾಕೋದು ಕಷ್ಟ ಏನಲ್ಲ. ಡಬ್ಲ್ಯೂಎಸ್2812ಬಿ ಥರದ ಸ್ಟ್ರಿಪ್ ಓಡೋದು 5 ವೋಲ್ಟಲ್ಲಿ. ಪೂರ್ತಿ ಬಿಳಿ ಉರಿದಾಗ ಒಂದೊಂದು ಪಿಕ್ಸೆಲ್ ಸುಮಾರು 60 ಮಿಲಿಆಂಪ್ ಎಳೆಯುತ್ತೆ ಅಂತ ಹಿಡೀತಾರೆ. ಮೀಟರಿಗೆ 60 ಪಿಕ್ಸೆಲ್ ಇರೋ ಐದು ಮೀಟರ್ ಸ್ಟ್ರಿಪ್ಪಿಗೆ 18 ಆಂಪ್ ಆಯ್ತು. ಇದನ್ನ 0.75 ಚದರ ಮಿಲಿಮೀಟರ್ ವೈರಲ್ಲಿ ಐದು ಮೀಟರ್ ದೂರದಿಂದ ಕೊಡ್ತೀವಿ ಅಂದ್ಕೊಳ್ಳಿ. ಹೋಗಿ ಬರೋ ತಾಮ್ರ ಹತ್ತು ಮೀಟರ್. 10 ಆಂಪ್ ಹರಿದ್ರೂ ವೈರೇ 2.3 ವೋಲ್ಟ್ ನುಂಗುತ್ತೆ. ಅದೇ 50 ವಾಟನ್ನ 230 ವೋಲ್ಟಲ್ಲಿ ಕಳಿಸಿದ್ರೆ ಕಾಲು ಆಂಪ್ ಕೂಡ ಹರಿಯಲ್ಲ, ನಷ್ಟ ಲೆಕ್ಕಕ್ಕೇ ಬರಲ್ಲ. ಮನೆ ಬಲ್ಬಿಗೆ ಸಾಕಾಗೋ ವೈರ್ ಇಲ್ಲಿ ಸಾಲದೇ ಇರೋದು ಇದಕ್ಕೇ. ಸಪ್ಲೈನ ದೀಪದ ಹತ್ರ ತನ್ನಿ, ಮಳೆ ನೀರು ಬೀಳದ ಹಾಗೆ ಮುಚ್ಚಿ, ದಪ್ಪ ವೈರ್ ಹಾಕಿ, ಸ್ಟ್ರಿಪ್ಪಿನ ಎರಡೂ ತುದಿಗೆ ಪವರ್ ಕೊಡಿ.

ಬಣ್ಣವೂ ಕಾಯಿಲೆ ಹೇಳುತ್ತೆ. ನೀಲಿ, ಹಸಿರು ಉರಿಯೋಕೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. ವೋಲ್ಟೇಜ್ ಕುಸಿದಾಗ ಉಳಿಯೋದು ಕೆಂಪು. ಕೆಟ್ಟ ಕಂಟ್ರೋಲರ್ ಹೀಗೆ ಮೀಟರ್ ಮೀಟರಿಗೆ ಬಣ್ಣ ಇಳಿಸಲ್ಲ.

ಪವರ್ ಸರಿ ಇದ್ದೂ ದೀಪ ಹುಚ್ಚುಚ್ಚಾಗಿ ಕುಣೀತಿದೆಯಾ? ಗ್ರೌಂಡ್ ನೋಡಿ. ಕಂಟ್ರೋಲರಿಗೊಂದು, ಸ್ಟ್ರಿಪ್ಪಿಗೊಂದು ಸಪ್ಲೈ ಇದ್ರೆ ಎರಡರ ಗ್ರೌಂಡೂ ಸೇರಲೇಬೇಕು. ಆಮೇಲೆ ಡೇಟಾ ವೈರ್. ಇಎಸ್‌ಪಿ32 ಕೊಡೋದು 3.3 ವೋಲ್ಟಿನ ಸಿಗ್ನಲ್. 5 ವೋಲ್ಟಲ್ಲಿ ಓಡೋ ಪಿಕ್ಸೆಲ್ 3.5 ಕೇಳುತ್ತೆ. ಟೇಬಲ್ ಮೇಲೆ ಗಿಡ್ಡ ವೈರಲ್ಲಿ ಓಡಿದ್ದು ಕಮಾನಿನ ಮೇಲೆ ತಕರಾರು ತೆಗೆಯೋದು ಇಲ್ಲೇ. ನಡುವೆ ಒಂದು ಲೆವೆಲ್ ಶಿಫ್ಟರ್ ಹಾಕಿದ್ರೆ ಸರಿಹೋಗುತ್ತೆ. 40ನೇ ಪಿಕ್ಸೆಲ್ ತನಕ ಸರಿ, 41ರಿಂದ ಕತ್ತಲೆ ಅಂದ್ರೆ ಆ ಎರಡರ ಮಧ್ಯೆ ಹುಡುಕಿ, ಯಾಕಂದ್ರೆ ಒಂದು ಪಿಕ್ಸೆಲ್ ದಾಟಿಸಿದ್ರೇನೇ ಮುಂದಿನದಕ್ಕೆ ಡೇಟಾ. ಇಷ್ಟೂ ಆದ್ಮೇಲೆ ಕಂಟ್ರೋಲರ್ ಸರದಿ: ಚೆನ್ನಾಗಿರೋ ಒಂದು ಗಿಡ್ಡ ತುಂಡಿಗೆ ಅದನ್ನ ಕನೆಕ್ಟ್ ಮಾಡಿ. ಅಲ್ಲಿ ಸರಿಯಾಗಿ ಉರಿದ್ರೆ ಕಂಟ್ರೋಲರ್ ನಿರಪರಾಧಿ.

ನಮ್ಮೂರ ತೇರಿಗೆ ಸೀರಿಯಲ್ ಸೆಟ್ ಕಟ್ಟೋಕೆ ಒಬ್ಬ ಅಣ್ಣ ಬರ್ತಿದ್ದ. ಸರ ಆರಿದ್ರೆ ಸರಿಯಾಗಿ ನಡುವೆ ಟೆಸ್ಟರ್ ಇಡೋನು. ಟೆಸ್ಟರ್ ಉರಿದ್ರೆ ಮುಂದಿನ ಅರ್ಧ, ಉರೀದಿದ್ರೆ ಹಿಂದಿನ ಅರ್ಧ. ನಾಲ್ಕೈದು ಸಲಕ್ಕೆ ಕಟ್ ಆದ ಜಾಗ ಸಿಕ್ತಿತ್ತು. ಆಮೇಲೆ ಬಿಇಯಲ್ಲಿ ಅದನ್ನೇ ಬೈನರಿ ಸರ್ಚ್ ಅಂತ ಓದಿ ಮಾರ್ಕ್ಸ್ ತಗೊಂಡಿದ್ದೀವಿ. ಅಂಥವರಿಗೆ "ಏನೂ ಗೊತ್ತಿಲ್ಲ" ಅನ್ನೋಕೆ ನಮಗೆಲ್ಲಿದೆ ಅರ್ಹತೆ?

"ನನ್ನ ಒಂದು ಗಂಟೆಗಿಂತ ಹೊಸ ಕಂಟ್ರೋಲರ್ ಅಗ್ಗ ಮಾರಾಯ" ಅಂತೀರಾ. ಎಸ್‌ಪಿ ರೋಡಿಗೆ ಹೋಗಿ ಇನ್ನೂ ಮೂರು ತನ್ನಿ, ವೈರ್ ಅದೇ ಇದ್ರೆ ತುದಿ ಕೆಂಪಗೇ ಇರುತ್ತೆ. ಅದಕ್ಕಿಂತ ದೊಡ್ಡ ಅಪಾಯ ಬಿಸಿ. ಕರೆಂಟ್ ಎರಡರಷ್ಟಾದ್ರೆ ವೈರಿನ ಬಿಸಿ ನಾಲ್ಕರಷ್ಟು. ಸಡಿಲ ಕನೆಕ್ಟರ್ ಕರಗೋದು, ಪಕ್ಕದ ಶಾಮಿಯಾನ ಬಟ್ಟೆಗೆ ಬೆಂಕಿ ತಗಲೋದು ಹೀಗೇ. ದೀಪ ಮಂಕಾದದ್ದು ಮೊದಲ ಎಚ್ಚರಿಕೆ. ಅದನ್ನ ನಾವು ಅಂದಗೇಡು ಅಂತಷ್ಟೇ ನೋಡ್ತೀವಿ.

ಮಲ್ಟಿಮೀಟರ್ ಒಂದು ಪಿಜ್ಜಾ ರೇಟಿಗೆ ಸಿಗುತ್ತೆ. ಅಸೋಸಿಯೇಷನ್ ದುಡ್ಡಲ್ಲಿ ಒಂದು ತಗೊಳ್ಳಿ. ಲೈಟ್ ಕಟ್ಟೋನು ಸಪ್ಲೈ ಎಲ್ಲಿರಬೇಕು, ವೈರ್ ಎಷ್ಟು ದಪ್ಪ ಇರಬೇಕು ಅಂದ್ರೆ ಕೇಳಿ. ತುದಿಯ ವೋಲ್ಟೇಜ್ ಬರೆದಿಡದೆ ಯಾರ ಕೂಲಿಯಲ್ಲೂ ಒಂದು ರೂಪಾಯಿ ಹಿಡೀಬೇಡಿ.